ಅಂಪೈರ್ ಕಾಣದ್ದನ್ನೂ ಆಟಗಾರನೇ ಹೇಳುವ ಆಟ

ಇಬ್ಬರು ಹಿಡಿಸೂಡಿಯಂಥದ್ದನ್ನು ಹಿಡಿದುಕೊಂಡು ಐಸ್ ಮೇಲೆ ಓಡುತ್ತಾ, ಜಾರಿ ಬರುತ್ತಿರುವ ಕಲ್ಲಿನ ಮುಂದೆ ಗಡಿಬಿಡಿಯಲ್ಲಿ ಗುಡಿಸುವ ವಿಡಿಯೊ ನಮ್ಮಲ್ಲಿ ಹೆಚ್ಚಿನವರ ಮೊಬೈಲ್‌ಗೆ ಒಮ್ಮೆಯಾದರೂ ಬಂದಿರುತ್ತದೆ. 'ಇವರನ್ನು ನಮ್ಮ ಅಂಗಳಕ್ಕೂ ಸ್ವಲ್ಪ ಕಳುಹಿಸಿ' ಅಂತ ಕೆಳಗೆ ಯಾರಾದರೂ ಬರೆದಿರುತ್ತಾರೆ. ನಕ್ಕು ಇನ್ನೊಬ್ಬರಿಗೆ ಕಳುಹಿಸಿ ಬಿಡುತ್ತೇವೆ. ಆ ಆಟದ ಹೆಸರು ಕರ್ಲಿಂಗ್. ಕೆನಡಾದಲ್ಲಿ ಪ್ರತೀ ವರ್ಷ ಚಳಿಗಾಲ ಕಳೆಯುವ ಹೊತ್ತಿಗೆ ಇದರ ಎರಡು ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯುತ್ತವೆ. ಹೆಂಗಸರದ್ದು 'ಸ್ಕಾಟೀಸ್', ಗಂಡಸರದ್ದು 'ಬ್ರಯರ್'. ನಮ್ಮಲ್ಲಿ ಐಪಿಎಲ್ ಸಮಯದಲ್ಲಿ ಮನೆಮನೆಯ ಟಿವಿ ಹೇಗಿರುತ್ತದೋ, ಅಲ್ಲಿನ ಸಣ್ಣ ಊರುಗಳಲ್ಲಿ ಆ ದಿನಗಳಲ್ಲಿ ಹಾಗೇ.

ನಮ್ಮ ಪುಟದಲ್ಲಿ ಈ ಆಟಕ್ಕೇನು ಕೆಲಸ ಅಂತ ಕೇಳುವವರಿದ್ದಾರೆ. ಕೆಲಸ ಇದೆ. ನಮ್ಮ ಮಕ್ಕಳು ಎಲ್ಲಿ ಆಡಿದರೂ ಕೊನೆಗೆ ಒಂದು ಜಗಳ ಹೊತ್ತುಕೊಂಡು ಮನೆಗೆ ಬರುತ್ತಾರೆ. 'ಅವನು ಔಟ್ ಆಗಿದ್ದ, ಒಪ್ಪಲಿಲ್ಲ.' ಕರ್ಲಿಂಗ್‌ನಲ್ಲಿ ಈ ಜಗಳಕ್ಕೆ ಜಾಗವೇ ಇಲ್ಲದ ಹಾಗೆ ಒಂದು ಪದ್ಧತಿಯನ್ನು ನೂರಾರು ವರ್ಷಗಳಿಂದ ಉಳಿಸಿಕೊಂಡು ಬಂದಿದ್ದಾರೆ. ಅದನ್ನು ಹೇಳುವ ಮೊದಲು ಆಟ ಏನು ಅಂತ ತಿಳಿದುಕೊಳ್ಳಬೇಕಲ್ಲ.

ಕೇರಂ ಗೊತ್ತಿರುವವರಿಗೆ ಕರ್ಲಿಂಗ್ ಅರ್ಧ ಗೊತ್ತಿದ್ದ ಹಾಗೆ. ಬೋರ್ಡಿನ ಬದಲು ಸುಮಾರು 45 ಮೀಟರ್ ಉದ್ದದ ಐಸ್ ಹಾಸು. ಕಾಯಿಯ ಬದಲು ಹಿಡಿಕೆ ಇರುವ ದುಂಡಗಿನ ಗ್ರಾನೈಟ್ ಕಲ್ಲು, ಒಂದೊಂದೂ ಸುಮಾರು 20 ಕಿಲೋ. 25 ಕಿಲೋ ಕುಚ್ಚಿಲಕ್ಕಿಯ ಚೀಲ ಎತ್ತಿದವರಿಗೆ ಅಂದಾಜು ಸಿಗುತ್ತದೆ. ಹಾಸಿನ ಆ ತುದಿಯಲ್ಲಿ ಬಣ್ಣದ ವೃತ್ತಗಳಿರುತ್ತವೆ, ಅದಕ್ಕೆ 'ಹೌಸ್' ಅಂದರೆ ಮನೆ ಅಂತಲೇ ಹೆಸರು. ಈ ತುದಿಯಿಂದ ಕಲ್ಲನ್ನು ಜಾರಿಸಿ ಆ ಮನೆಯ ನಡುಬಿಂದುವಿಗೆ ಹತ್ತಿರ ನಿಲ್ಲಿಸಬೇಕು. ಎದುರಾಳಿಯ ಕಲ್ಲಿಗೆ ಹೊಡೆದು ಹೊರಗೆ ತಳ್ಳಬಹುದು, ತಮ್ಮ ಕಲ್ಲಿಗೆ ಇನ್ನೊಂದು ಕಲ್ಲನ್ನು ಕಾವಲಿಡಬಹುದು. ತಂಡಕ್ಕೆ ನಾಲ್ವರು, ಒಬ್ಬೊಬ್ಬರಿಗೆ ಎರಡು ಕಲ್ಲು. ಎರಡೂ ತಂಡದ 16 ಕಲ್ಲು ಮುಗಿದರೆ ಒಂದು ಸುತ್ತು. ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಇಂಥ 10 ಸುತ್ತು, ಎರಡೂವರೆ ಮೂರು ಗಂಟೆಯ ಆಟ.

ಐಸ್ ಅಂದರೆ ಗಾಜಿನ ಹಾಗೆ ನುಣುಪು ಅಂತ ನಾವು ತಿಳಿಯುತ್ತೇವೆ. ಅಲ್ಲ. ಆಟದ ಮೊದಲು ಒಬ್ಬರು ಬೆನ್ನಿಗೆ ಡಬ್ಬಿ ಕಟ್ಟಿಕೊಂಡು, ನಮ್ಮ ತೋಟಕ್ಕೆ ಮದ್ದು ಬಿಡುವವರ ಹಾಗೆ, ಹಿಂದೆ ಹಿಂದೆ ನಡೆಯುತ್ತಾ ನೀರಿನ ಹನಿ ಚಿಮುಕಿಸುತ್ತಾರೆ. ಹನಿಗಳು ಹಾಗೇ ಗಟ್ಟಿಯಾಗಿ ಸಣ್ಣ ಸಣ್ಣ ಗುಳ್ಳೆಗಳಾಗುತ್ತವೆ. ಕಲ್ಲು ಜಾರುವುದು ಆ ಗುಳ್ಳೆಗಳ ತಲೆಯ ಮೇಲೆ. ಬಿಡುವಾಗ ಹಿಡಿಕೆಯನ್ನು ಸ್ವಲ್ಪ ತಿರುಗಿಸಿದರೆ ಕಲ್ಲು ಕೊನೆಕೊನೆಗೆ ಒಂದು ಕಡೆಗೆ ಬಾಗಿ ಹೋಗುತ್ತದೆ. ಹಾಗೇಕೆ ಬಾಗುತ್ತದೆ ಅನ್ನುವುದರ ಬಗ್ಗೆ ವಿಜ್ಞಾನಿಗಳ ಚರ್ಚೆ ಇವತ್ತಿಗೂ ಮುಗಿದಿಲ್ಲ. ಗುಡಿಸುವುದು ಕಸಕ್ಕಲ್ಲ. ಜೋರಾಗಿ ಉಜ್ಜಿದರೆ ಐಸ್ ಒಂಚೂರು ಬಿಸಿಯಾಗಿ ಕಲ್ಲು ಹೆಚ್ಚು ದೂರ, ಹೆಚ್ಚು ನೇರ ಹೋಗುತ್ತದೆ. ಕಲ್ಲು ಬಿಟ್ಟ ಮೇಲೂ ಅದನ್ನು ಮೀಟರ್‌ಗಟ್ಟಲೆ ಮುಂದೆ ಎಳೆಯುವ ಶಕ್ತಿ ಗುಡಿಸುವವರ ಕೈಯಲ್ಲಿದೆ. ಕಲ್ಲಿನ ಗ್ರಾನೈಟ್ ಹೆಚ್ಚಾಗಿ ಬರುವುದು ಸ್ಕಾಟ್ಲೆಂಡಿನ ಕರಾವಳಿಯಾಚೆಯ ಏಲ್ಸಾ ಕ್ರೇಗ್ ಎಂಬ ಪುಟ್ಟ ದ್ವೀಪದಿಂದ. ಆಟ ಹುಟ್ಟಿದ್ದೂ ಸ್ಕಾಟ್ಲೆಂಡಿನಲ್ಲಿ. ವಲಸೆ ಹೋದವರು ಅದನ್ನು ಕೆನಡಾಕ್ಕೆ ಕೊಂಡುಹೋದರು, ಅಲ್ಲಿ ಅದು ಮನೆಮಾತಾಯಿತು.

ಬ್ರಯರ್ ಮೊದಲು ನಡೆದದ್ದು 1927ರಲ್ಲಿ, ಟೊರಾಂಟೊದಲ್ಲಿ. ಬ್ರಯರ್ ಅನ್ನುವುದು ಒಂದು ತಂಬಾಕಿನ ಹೆಸರು. ಮ್ಯಾಕ್‌ಡೊನಾಲ್ಡ್ ಎಂಬ ತಂಬಾಕು ಕಂಪೆನಿ ಖರ್ಚು ಕೊಟ್ಟಿತು, ತನ್ನ ಸರಕಿನ ಹೆಸರನ್ನೇ ಇಟ್ಟಿತು. ಅರ್ಧ ಶತಮಾನ ಅವರದ್ದೇ ದುಡ್ಡು. 1980ರಿಂದ ಇಪ್ಪತ್ತು ವರ್ಷ ಒಂದು ಬಿಯರ್ ಕಂಪೆನಿ. ಆಮೇಲೆ ಮೊಬೈಲ್ ಕಂಪೆನಿ, ಆಮೇಲೆ ಕಾಫಿ ಅಂಗಡಿಯವರು. ಒಂದು ದೇಶದ ಹೆಮ್ಮೆಯ ಆಟದ ಹೆಸರಿನಲ್ಲಿ ಇವತ್ತಿಗೂ ತಂಬಾಕು ಕೂತಿದೆ ಅನ್ನುವುದು ನಮಗೆ ಸ್ವಲ್ಪ ವಿಚಿತ್ರವೇ ಅನಿಸುತ್ತದೆ. ಹಾಗಂತ ಅವರ ಕಡೆಗೆ ಬೆರಳು ತೋರಿಸುವ ಮೊದಲು, ನಮ್ಮ ಊರಿನ ಟೂರ್ನಮೆಂಟುಗಳ ಫ್ಲೆಕ್ಸ್‌ಗಳಲ್ಲಿ ಯಾರ ಯಾರ ಫೋಟೊ ಇರುತ್ತದೆ, ಅವರ ದುಡ್ಡು ಎಲ್ಲಿಂದ ಬರುತ್ತದೆ ಅಂತ ಒಮ್ಮೆ ಕೇಳಿಕೊಳ್ಳಬಹುದು.

ಒಂದೊಂದು ಪ್ರಾಂತ್ಯ ತನ್ನ ಚಾಂಪಿಯನ್ ತಂಡವನ್ನು ಕಳುಹಿಸುತ್ತದೆ. ಉತ್ತರದ ಹಿಮಪ್ರದೇಶದ ಮೂರು ಟೆರಿಟರಿಗಳೂ ಕಳುಹಿಸುತ್ತವೆ. ಹಿಂದಿನ ವರ್ಷ ಗೆದ್ದವರು 'ಟೀಮ್ ಕೆನಡಾ' ಎಂಬ ಹೆಸರಿನಲ್ಲಿ ಬರುತ್ತಾರೆ. ಈಚಿನ ವರ್ಷಗಳಲ್ಲಿ ಒಟ್ಟು 18 ತಂಡ. ಪ್ರಾಂತ್ಯ ಗೆದ್ದವರ ಅಂಗಿಗೆ ನೇರಳೆ ಬಣ್ಣದ ಹೃದಯದ ಬಿಲ್ಲೆ ಹೊಲಿಯುತ್ತಾರೆ. ಅಜ್ಜನ ಬಿಲ್ಲೆಯನ್ನು ಮೊಮ್ಮಗ ಫ್ರೇಮ್ ಹಾಕಿಸಿ ಇಟ್ಟುಕೊಳ್ಳುವಂಥ ಮರ್ಯಾದೆ ಅದಕ್ಕಿದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಕರ್ಲಿಂಗ್‌ನ ನಿಯಮ ಪುಸ್ತಕದಲ್ಲಿ ನಿಯಮಗಳ ಜೊತೆಗೇ 'ಕರ್ಲಿಂಗ್‌ನ ಸ್ಫೂರ್ತಿ' ಅಂತ ಒಂದು ಬರಹ ಇದೆ. ನಿಜವಾದ ಕರ್ಲಿಂಗ್ ಆಟಗಾರ ಅನ್ಯಾಯವಾಗಿ ಗೆಲ್ಲುವುದಕ್ಕಿಂತ ಸೋಲುವುದನ್ನೇ ಇಷ್ಟಪಡುತ್ತಾನೆ, ಗೊತ್ತಿಲ್ಲದೆ ನಿಯಮ ಮುರಿದರೆ ತಾನೇ ಮುಂದೆ ಬಂದು ಹೇಳುತ್ತಾನೆ ಎಂಬುದು ಅದರ ಸಾರ. ಗೋಡೆಗೆ ನೇತು ಹಾಕುವ ಒಳ್ಳೆಯ ಮಾತುಗಳು ಎಲ್ಲಾ ಕಡೆ ಇವೆ. ಇಲ್ಲಿ ಅದು ಆಟದೊಳಗೇ ಇದೆ.

ಗುಡಿಸುವಾಗ ಬ್ರಷ್ಷೋ ಶೂವೋ ಚಲಿಸುವ ಕಲ್ಲಿಗೆ ತಾಗಿತು ಅಂತಿಟ್ಟುಕೊಳ್ಳಿ. ಕಲ್ಲು 'ಸುಟ್ಟಿತು' ಅಂತ ಅವರ ಭಾಷೆ. ಕೂದಲೆಳೆಯಷ್ಟು ತಾಗಿದ್ದು ಗ್ಯಾಲರಿಗೆ ಕಾಣುವುದಿಲ್ಲ, ಎಷ್ಟೋ ಸಲ ಎದುರು ತಂಡಕ್ಕೂ ಕಾಣುವುದಿಲ್ಲ. ತಾಗಿಸಿದವನಿಗೆ ಮಾತ್ರ ಗೊತ್ತು. ಅವನೇ 'ತಾಗಿತು' ಅಂತ ಹೇಳಬೇಕು. ಮನೆಯ ಹತ್ತಿರದ ಗೆರೆ ದಾಟುವ ಮೊದಲು ತಾಗಿದ್ದರೆ ಕಲ್ಲನ್ನು ಅಲ್ಲೇ ನಿಲ್ಲಿಸಿ ಹೊರಗೆ ತೆಗೆಯುತ್ತಾರೆ. ಗೆರೆ ದಾಟಿದ ಮೇಲೆ ತಾಗಿದ್ದರೆ ಎಲ್ಲಾ ಕಲ್ಲುಗಳು ನಿಲ್ಲುವ ತನಕ ಕಾಯುತ್ತಾರೆ, ಆಮೇಲೆ ಏನು ಮಾಡಬೇಕು ಅಂತ ತೀರ್ಮಾನಿಸುವುದು ಎದುರು ತಂಡ. ತೆಗೆಯಬಹುದು, ಅಲ್ಲೇ ಬಿಡಬಹುದು. ತಾಗದಿದ್ದರೆ ಎಲ್ಲಿ ನಿಲ್ಲುತ್ತಿತ್ತು ಅಂತ ಪ್ರಾಮಾಣಿಕವಾಗಿ ಅಂದಾಜು ಮಾಡಿ ಅಲ್ಲಿಗೆ ಸರಿಸಲೂಬಹುದು. ತಪ್ಪು ಮಾಡಿದವನ ಬಾಯಿಯ ಮೇಲೂ ಎದುರಾಳಿಯ ನ್ಯಾಯದ ಮೇಲೂ ಒಂದೇ ಸಲ ನಂಬಿಕೆ ಇಟ್ಟ ನಿಯಮ ಇದು.

ಅಂಕ ಎಣಿಸುವುದೂ ಹಾಗೇ. ಸುತ್ತು ಮುಗಿದಾಗ ಎರಡೂ ತಂಡದ ಉಪನಾಯಕರು ಮನೆಯ ಪಕ್ಕ ನಿಂತು, ಯಾರ ಕಲ್ಲು ಹತ್ತಿರ ಇದೆ ಅಂತ ನೋಡಿ ತಾವಿಬ್ಬರೇ ಒಪ್ಪಿಕೊಳ್ಳುತ್ತಾರೆ. ಅವರು ಒಪ್ಪುವ ತನಕ ಬೇರೆ ಯಾರೂ ಕಲ್ಲು ಮುಟ್ಟುವಂತಿಲ್ಲ. ಬರಿಗಣ್ಣಿಗೆ ಗೊತ್ತಾಗದಷ್ಟು ಹತ್ತಿರವಿದ್ದರೆ ಮಾತ್ರ ಅಳತೆಗೆ ಅಧಿಕಾರಿಯನ್ನು ಕರೆಯುತ್ತಾರೆ.

ಇದನ್ನು ಓದುವಾಗ ನಮ್ಮ ಮನಸ್ಸಿಗೆ ಬಂದದ್ದು ಮದ್ರಸದಲ್ಲಿ ಸಣ್ಣ ಮಕ್ಕಳಿಗೂ ಬಾಯಿಪಾಠ ಮಾಡಿಸುವ ಅಲ್ ಮುತಫ್ಫಿಫೀನ್ ಸೂರಾ. ಬೇರೆಯವರಿಂದ ಅಳೆದು ತೆಗೆದುಕೊಳ್ಳುವಾಗ ಪೂರ್ತಿ ತೆಗೆದುಕೊಂಡು, ತಾವು ಅಳೆದು ಕೊಡುವಾಗ ಕಡಿಮೆ ಮಾಡುವವರಿಗೆ ಅಲ್ಲಿ ಕಠಿಣ ಎಚ್ಚರಿಕೆ ಇದೆ. ನಾವು ಅದನ್ನು ಅಂಗಡಿಯ ತಕ್ಕಡಿಗೆ ಮಾತ್ರ ಅನ್ವಯಿಸಿ ಬಿಡುತ್ತೇವೆ. ಮೀನು ಮಾರುವವನಿಗೆ, ಅಡಿಕೆ ತೂಗುವವನಿಗೆ. ಎಲ್‌ಬಿಡಬ್ಲ್ಯೂ ಕೇಳುವಾಗ ಒಂದು ಅಳತೆ, ತನ್ನ ಕಾಲಿಗೆ ಬಡಿದಾಗ ಇನ್ನೊಂದು ಅಳತೆ ಇಟ್ಟುಕೊಂಡ ಹುಡುಗನಿಗೂ ಆ ಸೂರಾ ಓದಿ ಹೇಳಬೇಕು ಅಂತ ನಮಗೆ ಹೊಳೆಯುವುದಿಲ್ಲ.

ನಮ್ಮ ಕರಾವಳಿಯ ಅಂಡರ್‌ಆರ್ಮ್ ಕ್ರಿಕೆಟ್, ವಾಲಿಬಾಲ್, ಕಬಡ್ಡಿ ಪಂದ್ಯಗಳನ್ನು ನೋಡಿ. ಹೊನಲು ಬೆಳಕು, ಟ್ರೋಫಿ, ನಗದು ಬಹುಮಾನ, ಯೂಟ್ಯೂಬ್ ಲೈವ್, ಎಲ್ಲಾ ಉಂಟು. ನಮ್ಮ ಹುಡುಗರ ಕೈಚಳಕಕ್ಕೂ ಕೊರತೆ ಇಲ್ಲ. ಆದರೆ ಅಂಪೈರ್ ಆಗಲು ಜನ ಸಿಗುವುದಿಲ್ಲ ಮಾರಾಯ್ರೆ! ಯಾಕೆಂದರೆ ಬೈಗುಳ ತಿನ್ನಲು ಯಾರಿಗೂ ಇಷ್ಟ ಇಲ್ಲ. ಮಸೀದಿಯ ಮೊದಲ ಸಫ್ಫಿನಲ್ಲಿ ನಿಲ್ಲುವ ಹುಡುಗನೇ ಗ್ರೌಂಡಿನಲ್ಲಿ ಬ್ಯಾಟಿಗೆ ತಾಗಿದ ಚೆಂಡನ್ನು ತಾಗಿಲ್ಲ ಅಂತ ಆಣೆ ಹಾಕುವುದನ್ನು ನಾವು ಕಂಡಿದ್ದೇವೆ. ಅಲ್ಲಾಹನು ನೋಡುತ್ತಿದ್ದಾನೆ ಎಂಬ ಪ್ರಜ್ಞೆಯೇ ಇಹ್ಸಾನ್ ಅಂತ ಅದೇ ಹುಡುಗನಿಗೆ ನಾವೇ ಕಲಿಸಿರುತ್ತೇವೆ. ಅದು ಪುಸ್ತಕದಿಂದ ಗ್ರೌಂಡಿಗೆ ಇಳಿಯಲಿಲ್ಲ. ಆ ಹೆಸರೇ ಕೇಳದ ಕೆನಡಾದ ರೈತರು, ಶಿಕ್ಷಕರು, ವಿಮೆ ಏಜೆಂಟರು ಅದನ್ನು ಐಸ್ ಮೇಲೆ ಆಚರಿಸಿ ತೋರಿಸುವಾಗ ನಮಗೆ ನಾಚಿಕೆಯೂ ಆಗಬೇಕು, ಆಸೆಯೂ ಆಗಬೇಕು.

ಅವರೆಲ್ಲಾ ಮಲಕುಗಳು ಅಂತ ನಾವು ಹೇಳುತ್ತಿಲ್ಲ. ಕಲ್ಲು ಬಿಡುವ ಗೆರೆಯ ಬಗ್ಗೆ ತಕರಾರು ಜಾಸ್ತಿಯಾದಾಗ ಹಿಡಿಕೆಯೊಳಗೆ ಸೆನ್ಸರ್ ಇಡಬೇಕಾಯಿತು. ಗೆರೆಯ ಒಳಗೇ ಕೈ ಬಿಟ್ಟರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು. 2018ರಲ್ಲಿ ರೆಡ್ ಡೀರ್ ಎಂಬ ಊರಿನ ಒಂದು ಪಂದ್ಯಾವಳಿಯಲ್ಲಿ ಒಲಿಂಪಿಕ್ ಚಿನ್ನ ಗೆದ್ದವರೊಬ್ಬರೂ ಇದ್ದ ತಂಡವನ್ನು ಕುಡಿದು ಆಡಿದ್ದಕ್ಕೆ ಹೊರಗೆ ಹಾಕಿದರು, ಆಟಗಾರರು ಬಹಿರಂಗವಾಗಿ ಕ್ಷಮೆ ಕೇಳಿದರು. ಆಟ ಮುಗಿದ ಮೇಲೆ ಗೆದ್ದವರು ಸೋತವರನ್ನು ಕೂರಿಸಿ ಪಾನೀಯ ಕೊಡಿಸುವ ಹಳೇ ಸಂಪ್ರದಾಯ ಆ ಆಟಕ್ಕಿದೆ. ಅದರಲ್ಲಿ ಶರಾಬು ಬೇಡ, ಜೊತೆಗೆ ಕೂರುವುದು ಬೇಕು ಅಂತ ನಾವು ಆರಿಸಿಕೊಳ್ಳಬಹುದು. ಸೋತವರ ಜೊತೆ ಒಂದು ಚಾ ಕುಡಿದು ಹೋಗುವ ಪದ್ಧತಿ ನಮ್ಮ ಟೂರ್ನಮೆಂಟಿನಲ್ಲಿ ಇದ್ದರೆ ಎಷ್ಟೋ ಹಗೆ ಗ್ರೌಂಡಿನಲ್ಲೇ ಮುಗಿಯುತ್ತಿತ್ತು.

2015ರ ಬ್ರಷ್ ವಿವಾದವನ್ನೂ ಹೇಳಬೇಕು. ಹೊಸ ಬಗೆಯ ಬಟ್ಟೆ ಹೊದಿಸಿದ ಬ್ರಷ್‌ಗಳು ಬಂದವು. ಅವುಗಳಿಂದ ಉಜ್ಜಿದರೆ ಕಲ್ಲನ್ನು ಬೇಕಾದ ಕಡೆಗೆ ತಿರುಗಿಸಬಹುದಿತ್ತು. ಎಸೆದವನ ಕಲೆಗಿಂತ ಬ್ರಷ್ಷಿನ ಬಟ್ಟೆಯೇ ದೊಡ್ಡದಾಯಿತು. ಆಗ ಸ್ಪಷ್ಟ ನಿಷೇಧ ಬರುವ ಮೊದಲೇ ಹಲವು ದೊಡ್ಡ ತಂಡಗಳು ಒಟ್ಟಾಗಿ, ನಾವು ಇದನ್ನು ಬಳಸುವುದಿಲ್ಲ ಅಂತ ಸಹಿ ಹಾಕಿದವು. ಮರುವರ್ಷ ಪರೀಕ್ಷೆ ನಡೆಸಿ ನಿಯಮ ಬಂತು. ಲಾಭ ಕೈಯಲ್ಲಿರುವಾಗಲೇ ಬಿಟ್ಟುಕೊಡುವುದು ಸಣ್ಣ ವಿಷಯ ಅಲ್ಲ.

ಸೋಲುವುದಕ್ಕೂ ಅಲ್ಲಿ ಒಂದು ಅದಬ್ ಇದೆ. ಇನ್ನು ಗೆಲ್ಲಲು ಆಗುವುದಿಲ್ಲ ಅಂತ ಗೊತ್ತಾದಾಗ ನಾಯಕ ಕೈಗವಸು ತೆಗೆದು, ಎದುರು ನಾಯಕನ ಹತ್ತಿರ ಹೋಗಿ ಕೈ ಕುಲುಕುತ್ತಾನೆ. ಆಟ ಅಲ್ಲಿಗೆ ಮುಗಿಯಿತು. ಪ್ರವಾದಿ(ಸ)ರ ಅದ್‌ಬಾ ಎಂಬ ಒಂಟೆಯ ಘಟನೆ ನಮ್ಮಲ್ಲಿ ಹೆಚ್ಚಿನವರು ಕೇಳಿರಬಹುದು. ಅದನ್ನು ಓಟದಲ್ಲಿ ಸೋಲಿಸಿದ ಒಂಟೆ ಇರಲಿಲ್ಲ. ಒಮ್ಮೆ ಒಬ್ಬ ಹಳ್ಳಿಗ ಅರಬ ತನ್ನ ಎಳೆಯ ಒಂಟೆಯಲ್ಲಿ ಬಂದು ಮುಂದೆ ಹೋಗಿ ಬಿಟ್ಟ. ಸಹಾಬಿಗಳಿಗೆ ಬಹಳ ಬೇಸರವಾಯಿತು. ಪ್ರವಾದಿ(ಸ)ರಿಗೆ ಬೇಸರವಾಗಲಿಲ್ಲ. ಈ ಲೋಕದಲ್ಲಿ ಮೇಲೇರಿದ್ದನ್ನು ಕೆಳಗಿಳಿಸುವುದು ಅಲ್ಲಾಹನ ಕ್ರಮ ಎಂಬರ್ಥದ ಮಾತು ಹೇಳಿ ಅವರನ್ನು ಸಮಾಧಾನಪಡಿಸಿದರು.

ಗೆದ್ದೆವು ಅಂತ ಮೊದಲೇ ಕುಣಿಯುವವರಿಗೂ ಕರ್ಲಿಂಗ್‌ನಲ್ಲಿ ಒಂದು ಕಥೆ ಉಂಟು. 1972ರ ವಿಶ್ವ ಚಾಂಪಿಯನ್‌ಶಿಪ್, ಜರ್ಮನಿಯಲ್ಲಿ. ಬ್ರಯರ್ ಗೆದ್ದು ಹೋದ ಕೆನಡಾ ತಂಡಕ್ಕೂ ಅಮೆರಿಕಕ್ಕೂ ಪಂದ್ಯ. ಕೆನಡಾದ ಕೊನೆಯ ಕಲ್ಲು ಮನೆಯ ಅಂಚಿಗೆ ಜಾರಿ ನಿಂತಿತು. ಅಂಕ ಸಿಗುವುದಿಲ್ಲ ಅಂತ ಅಮೆರಿಕದವರು ಸಂಭ್ರಮ ಶುರು ಮಾಡಿದರು. ಅವರ ನಾಯಕ ಲಬಾಂಟ್ ಹಾರಿದರು, ಜಾರಿದರು, ಕಾಲು ಹೋಗಿ ಅದೇ ಕಲ್ಲಿಗೆ ಬಡಿಯಿತು. ಅಳೆಯಬೇಕಾದ ಕಲ್ಲು ಜಾಗ ಬಿಟ್ಟಿತು. ಅಂಕ ಕೆನಡಾಕ್ಕೆ ಹೋಯಿತು, ಹೆಚ್ಚುವರಿ ಸುತ್ತಿನಲ್ಲಿ ಗೆಲುವೂ ಕೆನಡಾಕ್ಕೇ ಹೋಯಿತು.

ಬ್ರಯರ್‌ನ ಹೆಸರುಗಳಲ್ಲಿ ನಮಗೆ ಇಷ್ಟವಾದದ್ದು ಸಸ್ಕಾಚೆವಾನ್ ಪ್ರಾಂತ್ಯದ ರಿಚರ್ಡ್‌ಸನ್ ಮನೆಯವರು. ಅರ್ನಿ, ಅವರ ಸಹೋದರ ಗಾರ್ನೆಟ್, ಇನ್ನಿಬ್ಬರು ಸಂಬಂಧದಲ್ಲಿ ಸಹೋದರರು, ಅಂದರೆ ಕಸಿನ್‌ಗಳು. ಒಂದೇ ಕುಟುಂಬದ ನಾಲ್ವರು 1959, 1960, 1962ರಲ್ಲಿ ದೇಶ ಗೆದ್ದರು. 1963ರಲ್ಲಿ ನಾಲ್ಕರಲ್ಲಿ ಒಬ್ಬರ ಬದಲು ಹೊರಗಿನವರು ಬಂದರು, ಆಗಲೂ ಗೆದ್ದರು. ಆಸ್ತಿ ಪಾಲಿನ ವಿಷಯಕ್ಕೆ ಮಾತು ಬಿಟ್ಟ ಕಸಿನ್‌ಗಳು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಅಂತ ಎಣಿಸುವುದು ಬೇಡ.

ತಾಳ್ಮೆಗೆ ಬ್ರಾಡ್ ಗುಶೂ. ನ್ಯೂಫೌಂಡ್‌ಲ್ಯಾಂಡ್ ಎಂಬ ದೂರದ ದ್ವೀಪದವರು. 2006ರಲ್ಲಿ ಒಲಿಂಪಿಕ್ ಚಿನ್ನ ಗೆದ್ದವರಿಗೆ ಸ್ವಂತ ದೇಶದ ಬ್ರಯರ್ ಸಿಗಲಿಲ್ಲ. 2003ರಿಂದ ಬಂದು ಬಂದು ವಾಪಸ್ ಹೋದರು. ಕೊನೆಗೆ 2017ರಲ್ಲಿ ಹುಟ್ಟೂರು ಸೇಂಟ್ ಜಾನ್ಸ್‌ನಲ್ಲೇ ಗೆದ್ದರು. ಆ ಪ್ರಾಂತ್ಯಕ್ಕೆ 1976ರ ನಂತರ ಸಿಕ್ಕಿದ ಮೊದಲ ಬ್ರಯರ್ ಅದು. 2022ರಲ್ಲಿ ಕೊನೆಯ ಹಂತದಲ್ಲಿ ಅವರ ತಂಡದ ಒಬ್ಬರಿಗೆ ಕೋವಿಡ್ ಬಂತು. ಉಳಿದ ಮೂವರೇ ಐಸ್‌ಗೆ ಇಳಿದರು. ಇಬ್ಬರು ಮೂರು ಮೂರು ಕಲ್ಲು ಬಿಡಬೇಕು, ಗುಡಿಸಲು ಒಂದು ಕೈ ಕಡಿಮೆ. ಫೈನಲ್ ಹೆಚ್ಚುವರಿ ಸುತ್ತಿಗೆ ಹೋಯಿತು. ಆದರೂ ಗೆದ್ದರು.

ಹೆಂಗಸರ ರಾಷ್ಟ್ರೀಯ ಚಾಂಪಿಯನ್‌ಶಿಪ್ ಶುರುವಾಗಲು 1961 ಬರಬೇಕಾಯಿತು. ಗಂಡಸರಿಗಿಂತ 34 ವರ್ಷ ತಡ. ಮೊದಲ ಕೆಲವು ವರ್ಷ ಖರ್ಚು ಕೊಟ್ಟ ಅಂಗಡಿ ಕಂಪೆನಿ 1967ರ ನಂತರ ಕೈಬಿಟ್ಟಿತು. ದೊಡ್ಡ ಪ್ರಾಯೋಜಕರಿಲ್ಲದೆ ಹೆಂಗಸರ ಸಂಘವೇ ನಾಲ್ಕು ವರ್ಷ ಅದನ್ನು ನಡೆಸಿತು. 1982ರಿಂದ ಟಿಶ್ಯೂ ಕಾಗದದ ಕಂಪೆನಿಯೊಂದು ಜೊತೆಗಿದೆ, ಸ್ಕಾಟೀಸ್ ಎಂಬ ಹೆಸರು ಅವರದ್ದು. ಗಂಡಸರಿಗೂ ಹೆಂಗಸರಿಗೂ ಬಹುಮಾನದ ಹಣ ಸಮ ಆದದ್ದು ಕೆಲವೇ ವರ್ಷಗಳ ಹಿಂದೆ. ಕ್ರೀಡಾ ಮನೋಭಾವಕ್ಕೆ ಅಲ್ಲಿ ಒಂದು ಪ್ರಶಸ್ತಿ ಇದೆ, 1980ರಲ್ಲಿ ವಿಶ್ವ ಚಾಂಪಿಯನ್ ಆದ ಮಾರ್ಜ್ ಮಿಚೆಲ್ ಹೆಸರಿನಲ್ಲಿ. ಅದನ್ನು ಯಾರಿಗೆ ಕೊಡಬೇಕು ಅಂತ ಆರಿಸುವುದು ಆಟಗಾರ್ತಿಯರೇ. ಯಾರ ಕೈ ಶುದ್ಧ ಅಂತ ಜೊತೆಗೆ ಆಡಿದವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಸಾಂಡ್ರಾ ಶ್ಮರ್ಲರ್ ಅವರ ಹೆಸರು ಕೆನಡಾದಲ್ಲಿ ಇವತ್ತಿಗೂ ಗೌರವದಿಂದ ಹೇಳುತ್ತಾರೆ. 1993, 1994, 1997ರಲ್ಲಿ ರಾಷ್ಟ್ರೀಯ ಚಾಂಪಿಯನ್. ಚೊಚ್ಚಲ ಹೆರಿಗೆಯಾಗಿ ಎರಡು ತಿಂಗಳು ಕಳೆಯುವಷ್ಟರಲ್ಲಿ ಒಲಿಂಪಿಕ್ ಆಯ್ಕೆ ಪಂದ್ಯ ಆಡಿ ಗೆದ್ದು, 1998ರಲ್ಲಿ ಜಪಾನಿನಲ್ಲಿ ಚಿನ್ನ ತಂದರು. ಎರಡನೆಯ ಹೆಣ್ಣು ಮಗು ಹುಟ್ಟಿದ ಸ್ವಲ್ಪ ದಿನದಲ್ಲೇ ಕ್ಯಾನ್ಸರ್ ಅಂತ ಗೊತ್ತಾಯಿತು. 2000ದ ಮಾರ್ಚ್‌ನಲ್ಲಿ, 36ನೇ ವಯಸ್ಸಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಯನ್ನು ದೇಶವಿಡೀ ಟಿವಿಯಲ್ಲಿ ತೋರಿಸಿದರು. ಅವರ ಹೆಸರಿನ ಪ್ರತಿಷ್ಠಾನ ಅವಧಿಗೆ ಮೊದಲೇ ಹುಟ್ಟಿದ, ಆರೋಗ್ಯ ಗಂಭೀರವಾಗಿರುವ ಹಸುಗೂಸುಗಳ ಐಸಿಯುಗಳಿಗೆ ಉಪಕರಣ ಕೊಡುತ್ತದೆ. ಸ್ಕಾಟೀಸ್ ನಡೆಯುವಾಗ ಟಿವಿಯಲ್ಲೇ ಅದಕ್ಕೆ ಹಣ ಸಂಗ್ರಹವಾಗುತ್ತದೆ. ತೀರಿಕೊಂಡವರ ಹೆಸರಿನಲ್ಲಿ ಬೋರ್‌ವೆಲ್, ಆಂಬುಲೆನ್ಸ್ ಕೊಡುವ ನಮ್ಮವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ರೇಚಲ್ ಹೋಮನ್ 2021ರಲ್ಲಿ ಎಂಟು ತಿಂಗಳ ಬಸುರಿಯಾಗಿದ್ದುಕೊಂಡೇ ಫೈನಲ್ ತನಕ ಆಡಿದರು. ನಮ್ಮ ಮನೆಯ ಹಿರಿಯ ಉಮ್ಮಂದಿರು ಇದನ್ನು ಕೇಳಿದರೆ ಬೈದಾರು. ಆದರೆ ಅವರ ಕಾಲದಲ್ಲಿ ಅವರೇ ಎಂಟು ತಿಂಗಳಲ್ಲಿ ಬಾವಿಯಿಂದ ನೀರು ಸೇದಿದವರು, ಬೀಡಿ ಕಟ್ಟಿದವರು.

ಹುಡುಗಿಯರ ಆಟದ ಮಾತು ಬಂದಾಗ ನಮ್ಮಲ್ಲಿ ತಕ್ಷಣ ಬಾಗಿಲು ಹಾಕಿ ಬಿಡುವವರಿದ್ದಾರೆ. ಔರತ್ ಮುಚ್ಚಿರಬೇಕು, ನಮಾಝ್ ತಪ್ಪಬಾರದು, ಜೂಜು ಇರಬಾರದು. ಈ ಮಿತಿಗಳ ಬಗ್ಗೆ ನಮಗೆ ಎರಡು ಮಾತಿಲ್ಲ. ಆದರೆ ಮಿತಿ ಅಂದರೆ ನಿಷೇಧ ಅಲ್ಲ. ಪ್ರವಾದಿ(ಸ)ರು ಆಯಿಶಾ(ರ) ಅವರ ಜೊತೆ ಓಟದ ಪಂದ್ಯ ಮಾಡಿದ್ದು, ಮೊದಲ ಸಲ ಅವರು ಗೆದ್ದದ್ದು, ಮುಂದೊಮ್ಮೆ ಪ್ರವಾದಿ(ಸ)ರು ಗೆದ್ದು ಅದಕ್ಕೆ ಇದು ಲೆಕ್ಕ ಸರಿಯಾಯಿತು ಅಂತ ತಮಾಷೆ ಮಾಡಿದ್ದು ಹದೀಸ್‌ನಲ್ಲಿದೆ. ಶಾಲೆಯ ಕ್ರೀಡಾಕೂಟದಲ್ಲಿ ಹತ್ತನೇ ಕ್ಲಾಸಿನ ನಮ್ಮ ಹೆಣ್ಣುಮಕ್ಕಳು ಮೂಲೆಯ ಬೆಂಚಿನಲ್ಲಿ ಬ್ಯಾಗ್ ಕಾಯುತ್ತಾ ಕೂರುವುದು ದೀನಿನ ಬೇಡಿಕೆ ಅಂತ ನಮಗೆ ಅನಿಸುವುದಿಲ್ಲ. ಮಿತಿಯೊಳಗೆ ಜಾಗ ಮಾಡಿಕೊಡಬೇಕಾದವರು ನಾವು, ದೊಡ್ಡವರು. ಕರ್ಲಿಂಗ್‌ನಲ್ಲಿ ಚಳಿಯ ಕಾರಣಕ್ಕೆ ಉದ್ದ ಪ್ಯಾಂಟು, ತೋಳು ಮುಚ್ಚುವ ಅಂಗಿ ಸಹಜವಾಗಿಯೇ ಇದೆ.

ಮುಸ್ಲಿಮ್ ದೇಶಗಳೂ ಈ ಆಟಕ್ಕೆ ಇಳಿದಿವೆ. ಟರ್ಕಿಯ ಎರ್ಝುರುಮ್ ಎಂಬ ಎತ್ತರದ ಚಳಿ ಊರಿನಲ್ಲಿ 2011ರ ಚಳಿಗಾಲದ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆಂದು ಕರ್ಲಿಂಗ್ ಅಂಗಣ ಕಟ್ಟಿದರು. ಕೂಟ ಮುಗಿದ ಮೇಲೂ ಅದು ಖಾಲಿ ಬೀಳಲಿಲ್ಲ. ಟರ್ಕಿಯ ಮಹಿಳಾ ತಂಡ 2022ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ತನಕ ಹೋಯಿತು. ಕತಾರ್, ಸೌದಿ ಅರೇಬಿಯ, ಕುವೈತ್ ಕೂಡ ವಿಶ್ವ ಕರ್ಲಿಂಗ್ ಸಂಸ್ಥೆಯ ಸದಸ್ಯರು. ಮರಳುಗಾಡಿನಲ್ಲಿ ಐಸ್ ಎಲ್ಲಿಂದ ಅಂತ ಕೇಳಬೇಡಿ, ದೋಹಾದ ಮಾಲ್‌ನಲ್ಲಿ ಕೆಲಸ ಮಾಡುವ ನಮ್ಮ ಹುಡುಗರನ್ನು ಕೇಳಿ.

ಈಗ ಗಲ್ಫ್ ಬಿಟ್ಟು ಕೆನಡಾಕ್ಕೆ ಓದಲು, ಕೆಲಸಕ್ಕೆ ಹೋಗುವ ನಮ್ಮ ಮಕ್ಕಳೂ ಕಾಣುತ್ತಿದ್ದಾರೆ. ಅಲ್ಲಿನ ಆರು ತಿಂಗಳ ಚಳಿಯಲ್ಲಿ ರೂಮಿನೊಳಗೆ ಮೊಬೈಲ್ ನೋಡುತ್ತಾ ಕೂರುವುದೇ ಹೆಚ್ಚಿನವರ ಕಷ್ಟ. ಅಂಥವರಿಗೆ ಒಂದು ಮಾಹಿತಿ. ಸಣ್ಣ ಊರುಗಳಲ್ಲೂ ಕರ್ಲಿಂಗ್ ಕ್ಲಬ್ ಇರುತ್ತದೆ. ಹೊಸಬರಿಗೆ ಕಲಿಸುವ ದಿನಗಳನ್ನು ಹೆಚ್ಚಾಗಿ ಸೀಸನ್‌ನ ಶುರುವಿನಲ್ಲಿ ಇಡುತ್ತಾರೆ. ಮಗ್ರಿಬ್, ಇಶಾ ಸಮಯ ಮೊದಲೇ ನೋಡಿಕೊಂಡು ಹೋಗಬೇಕು, ಅಲ್ಲಿ ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆ. ಕಲ್ಲು ಕ್ಲಬ್ಬಿನದ್ದೇ, ಬ್ರಷ್ ಕೂಡ ಸಾಮಾನ್ಯವಾಗಿ ಅವರೇ ಕೊಡುತ್ತಾರೆ. ಬೆಚ್ಚಗಿನ ಬಟ್ಟೆ ಹಾಕಿಕೊಂಡು, ಹೊರಗೆ ಮೆಟ್ಟದ ಒಂದು ಜೊತೆ ಶುದ್ಧ ಶೂ ತೆಗೆದುಕೊಂಡು ಹೋದರೆ ಸಾಕು.